ಪರ್ಸಿನಲ್ಲಿದ್ದ ಕಾರ್ಡು

ಜನವರಿ 6
ಜತ್ತ–ಬಿಳೂರ ಮೂರು ಟ್ರಿಪ್. ಟಿಕೆಟ್ ಮಶೀನು ಎರಡು ಸಲ ಕೈಕೊಟ್ಟಿತು. ಬಿಳೂರ ಸ್ಟಾಪಿನಲ್ಲಿ ಎಂದಿನಂತೆ ಪೂನಮ, ನನ್ನ ಹೆಂಡತಿ ಸುಮನಳ ತಂಗಿ. ಕಂಕುಳಲ್ಲಿ ನನ್ನ ಮಗಳು. ಸುಮನ ತೀರಿಹೋಗಿ ಐದು ತಿಂಗಳು. ಬಸ್ಸು ನಿಲ್ಲುವ ಎರಡು ನಿಮಿಷ ಮಾತ್ರ ನಾನು ಅಪ್ಪ. ಕೂಸು ನನ್ನನ್ನು ನೋಡುವುದಿಲ್ಲ, ಮಶೀನನ್ನೇ ನೋಡುತ್ತದೆ. ಬೆಲ್ ಹೊಡೆದು ಹೊರಟೆ.

ಸಂಜೆ ವಿಮಾ ಏಜೆಂಟ್ ಬಾಳಾಸಾಹೇಬರ ಫೋನು. ನೌಕರಿಯ ವಿಮೆ ಸಾಲದು, ಹೆರಿಗೆಗೆಂದು ಇನ್ನೊಂದಿರಲಿ ಎಂದು ಮದುವೆಯಾದ ವರ್ಷ ಮಾಡಿಸಿದ್ದೆ.

“ಇಪ್ಪತ್ತಕ್ಕ ಮುದತ ಮುಗೀತದರಿ ಮಹಾಂತ. ಬಿಡಬ್ಯಾಡ್ರಿ. ಬಿಟ್ರ ಹೆರಿಗಿ ಕವರ್‌ಗೆ ಮತ್ತ ಮೂರು ವರ್ಷ ಕಾಯಬೇಕು.”

“ಯಾರ ಹೆರಿಗಿರೀ?” ಎಂದೆ.

ಬಾಳಾಸಾಹೇಬರು ದನಿ ತಗ್ಗಿಸಿದರು. “ನೀವಿನ್ನೂ ಮೂವತ್ತರ ಮನಷ್ಯಾ. ಮುಂದ ಹೆಸರು ಬದಲ ಮಾಡೂಣಂತ.”

ಲೈಟ್ ಮೀಟರಿಗೆ ಹೆಸರು ಬದಲಿಸಿದ ಹಾಗೆ!

ಜನವರಿ 9
ದವಾಖಾನೆಯಲ್ಲಿ ತೋರಿಸುವ ಆ ವಿಮೆಯ ಕಾರ್ಡು ಪರ್ಸಿನಲ್ಲೇ ಇದೆ. ಇವತ್ತು ಚಿಲ್ಲರೆ ಹುಡುಕುವಾಗ ಕೈಗೆ ಬಂತು.

ಏಳನೇ ತಿಂಗಳಲ್ಲಿ ಕುಬಸ ಮಾಡಿ ಸುಮನಳನ್ನು ತವರಿಗೆ ಕರೆದೊಯ್ದರು. ಕಾರ್ಡು ಕೊಡಹೋದೆ. ಮಾವ ಗುರುಲಿಂಗಪ್ಪ ನಕ್ಕರು. “ಚೊಚ್ಚಲ ಹೆರಿಗಿ ನಮ್ಮದರಿ, ಅಳ್ಯಾರ. ಬೀಗರ ಕಾರ್ಡಿನ ಮ್ಯಾಲ ಮಗಳ ಬಾಣಂತನ ಮಾಡಿದ್ರ ಊರಾಗ ಮಾರಿ ತೋರ್ಸೂದು ಹ್ಯಾಂಗ?” ನಾನೂ ನಕ್ಕೆ. ಮತ್ತೆ ಪರ್ಸಿನಲ್ಲಿಟ್ಟೆ.

ಆಗಸ್ಟಿನಲ್ಲಿ ಕೂಸು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಮಿರಜಿನ ದೊಡ್ಡ ದವಾಖಾನೆಗೆ ಒಯ್ಯಲು ರೊಕ್ಕ ಹೊಂದಿಸುತ್ತ ಅರ್ಧ ದಿನ ಕಳೆದರು. ನನಗೆ ಹೇಳಿದರೆ ಅವರ ಮರ್ಯಾದೆ ಹೋಗುತ್ತಿತ್ತು. ಫೋನು ಬಂದಾಗ ನಾನು ಯಳವಿ ಟ್ರಿಪ್ಪಿನಲ್ಲಿದ್ದೆ. ಕಾರ್ಡು ನನ್ನ ಜೇಬಿನಲ್ಲಿ.

ಮಾವನನ್ನು ಬಾಯಿಗೆ ಬಂದಂತೆ ಬೈಯಬೇಕು ಅನಿಸುತ್ತದೆ. ಆದರೆ ಅಂದು ನಕ್ಕವರು ಇಬ್ಬರು.

ಜನವರಿ 15
ಸಂಕ್ರಾಂತಿ. ಮಾವ, ಅತ್ತೆ ಗುರವ್ವ ಕುಸುರೆಳ್ಳು ಹಿಡಿದು ಬಂದರು. ಮಾವ ಸೊರಗಿದ್ದಾರೆ. ಕುಳಿತಷ್ಟು ಹೊತ್ತೂ ನನ್ನ ಮುಖ ನೋಡಲಿಲ್ಲ. ಮಾತಾಡಿದ್ದು ಅತ್ತೆಯೇ.

“ನಮ್ಮ ಪೂನಮನ್ನ ಮಾಡ್ಕೋರಿ. ಕೂಸಿಗೆ ಮಲತಾಯಿ ಬರೂದಕ್ಕಿಂತ ಚಿಕ್ಕವ್ವನೇ ತಾಯಿ ಆಗ್ಲಿ.”

ನಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಕಡೆಯಿಂದ ಅದೇ ಒಪ್ಪಿಗೆ.

ಪೂನಮಳಿಗೆ ಹತ್ತೊಂಬತ್ತು. ನನ್ನ ಬಸ್ಸಿನಲ್ಲೇ ಜತ್ತದ ಕಾಲೇಜಿಗೆ ಬರುತ್ತಿದ್ದಳು. ಆಗಸ್ಟಿನಿಂದ ಪಾಸು ಮಾಡಿಸಿಲ್ಲ.

ಬೇಡ ಅನ್ನಬೇಕಿತ್ತು. ಬಾಯಲ್ಲಿ ಎಳ್ಳು ಬೆಲ್ಲ. ಅಗಿಯುತ್ತ ಕುಳಿತೆ.

ಜನವರಿ 20, ಮಧ್ಯಾಹ್ನ
ಬಾಳಾಸಾಹೇಬರ ಫೋನು ಮೂರು ಸಲ. ಎತ್ತಲಿಲ್ಲ. ಇನ್ನು ಒಂದು ತಿಂಗಳು ರಿಯಾಯ್ತಿ ಇದೆಯಂತೆ. ಅದೂ ಹೋಗಲಿ. ಇನ್ನೊಂದು ಹೆರಿಗೆಗೆ ತಯಾರಿಯೇ ಇಲ್ಲ ಅಂದಮೇಲೆ ಇನ್ನೊಂದು ಮದುವೆ ಎಲ್ಲಿಯದು? ಬಾಯಿಂದ ಆಗದ್ದನ್ನು ಹೀಗಾದರೂ ಹೇಳಿದೆ.

ಯಾರಿಗೆ ಹೇಳಿದೆ?... ಏಜೆಂಟರಿಗೂ ಇಲ್ಲ.

ಫೆಬ್ರವರಿ 20
ಪಾಲಿಸಿ ರದ್ದಾಯಿತೆಂದು ಮೆಸೇಜ್. ಹಗುರ ಅನಿಸಿತು. ನಿಜವಾಗಿಯೂ. ಡೆಪೊದಲ್ಲಿ ಎರಡು ಕಪ್ ಚಹಾ ಕುಡಿದೆ.

ಮನೆಗೆ ಬಂದರೆ ಅವ್ವ: “ಮಾರ್ಚ್ ಹನ್ನೊಂದಕ್ಕ ಲಗ್ನದ ಅಕ್ಕಿಕಾಳು. ಸ್ವಾಮಿಗೋಳು ದಿನಾ ತಗದಾರ.”

“ನನ್ನ ಕೇಳಲಾರದನ?”

“ನೀ ಬ್ಯಾಡ ಅನ್ಲಿಲ್ಲಲ್ಲಪಾ. ಅದಕ್ಕ ಹೂಂ ಅಂದ್ವಿ.”

ಮಾರ್ಚ್ 2
ಎಂಟು ದಿನ ಡಫಳಾಪುರ ರೂಟು ಕೇಳಿ ಹಾಕಿಸಿಕೊಂಡಿದ್ದೆ. ಹೇಡಿತನ. ಇವತ್ತು ಮತ್ತೆ ಬಿಳೂರ.

ಪೂನಮ ಬಸ್ಸಿನ ಬಾಗಿಲಿಗೇ ಬಂದಳು. ನಾನೇ ಮೊದಲು ಮಾತಾಡಿದೆ. “ನಿನಗ ಮನಸ್ಸಿಲ್ಲಂದ್ರ ಹೇಳು. ನಾ ಮುರೀತೀನಿ.”

“ಭಾಳ ಲಗೂನ ಕೇಳಿದ್ರಿ ಮಾಮಾ,” ಅಂದಳು. ನಗಲಿಲ್ಲ. “ನಾ ಒಲ್ಲೆ ಅಂದ್ರ ಈ ಕೂಸು ಎಲ್ಲಿ ಹೋಗ್ತದ?”

ಟಿಕೆಟ್ ಮಶೀನನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

“ಅಕ್ಕಂದು ದವಾಖಾನಿ ಕಾರ್ಡು ಇತ್ತಲ್ರಿ? ಅದನ್ನ ನೀವು ಇಟ್ಕೋಬ್ಯಾಡ್ರಿ. ನಮ್ಮಪ್ಪನ ಕೈಯಾಗೂ ಕೊಡಬ್ಯಾಡ್ರಿ. ನನ್ನ ಕೈಯಾಗ ಕೊಡ್ರಿ. ನಾ ಇನ್ನೇನೂ ಕೇಳಂಗಿಲ್ಲ.”

ಕೈ ಚಾಚಿ ನಿಂತಳು. ಡ್ರೈವರ್ ಹಾರ್ನ್ ಹೊಡೆದ. ಕೂಸು ಮಶೀನು ಬಿಟ್ಟು ಮೊದಲ ಸಲ ನನ್ನ ಮುಖವನ್ನೇ ನೋಡುತ್ತಿತ್ತು.

ಪರ್ಸು ತೆಗೆದೆ. ಸುಮನಳ ಹೆಸರಿನ ಕಾರ್ಡು. ಪಾಲಿಸಿ ರದ್ದಾಗಿದೆ, ಇದು ಇನ್ನು ನಡೆಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ತೆಗೆದುಕೊಂಡಳು. ಅಕ್ಕನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು. “ಹೆಸರು ಆಮ್ಯಾಲ ಬದಲ ಮಾಡಸ್ರಿ. ಇದು ನನ್ನ ಕಡೆ ಇರ್ಲಿ.” ಓಢಣಿಯ ತುದಿಗೆ ಗಂಟು ಹಾಕಿಕೊಂಡಳು. ಬಿಗಿಯಾಗಿ, ಎರಡು ಗಂಟು.

ಬಸ್ಸು ಹೊರಡಲೆಂದು ಡಬಲ್ ಬೆಲ್ ಹೊಡೆದೆ. ನಾನೇ ಹೊಡೆದೆ.

ನಾಳೆ ಮೊದಲ ಟ್ರಿಪ್ಪಿನಲ್ಲೇ ಹೇಳಬೇಕು. ಬಸ್ಸು ನಿಲ್ಲುವ ಮೊದಲೇ ಇಳಿದು ಹೇಳಬೇಕು. ಪೂನಮ, ಆ ಕಾರ್ಡು—