ಅಕ್ಕನ ಕುರ್ಚಿಗೊಂದು ಮೀಸೆ

ಹಳೇ ರಾಡಾರ್ ಷೆಡ್ಡಿನಿಂದ, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕಣ್ಣಿನ ಆಪರೇಷನ್ ಆದಮೇಲೆ ಹೇಗಿದೀಯ? ಎಲ್ಲ ಚೆನ್ನಾಗಿ ಕಾಣಿಸ್ತಿದೆಯಂತೆ, ಭಾವ ಫೋನಲ್ಲಿ ಹೇಳಿದ್ರು. ಭಾವನ ತಲೆ ಮೇಲೆ ಕೂದಲೇನಾದ್ರೂ ಕಾಣಿಸಿದ್ರೆ ಮಾತ್ರ ತಕ್ಷಣ ಡಾಕ್ಟರಿಗೆ ಹೇಳು, ಏನೋ ಎಡವಟ್ಟಾಗಿದೆ ಅಂತ ಅರ್ಥ. ನಾನು ಗುಂಡುಕಲ್ಲಿನ ಹಾಗಿದೀನಿ. ಆದ್ರೆ ನಿನ್ನೆಯಿಂದ ಒಂದು ಜೋಕೂ ಹೊಡೆದಿಲ್ಲ ಅಂತ ನನ್ನ ಹೆಂಡತಿ ನನ್ನ ಹಣೆ ಮುಟ್ಟಿ ಮುಟ್ಟಿ ನೋಡ್ತಿದಾಳೆ. ಜ್ವರ ಅಲ್ಲ ಅಕ್ಕಾ, ಕೋಪಕ್ಕೆ ಮೈ ಉರೀತಿದೆ.

ನಾವು ಹಳಬರೆಲ್ಲ ಸೇರಿ ನಮ್ಮ ಯುದ್ಧಕಾಲದ ರಾಡಾರನ್ನ ಗುಜರಿಯಿಂದ ಬಿಡಿಸ್ಕೊಂಡು ಬಂದು ರಿಪೇರಿ ಮಾಡ್ತಿರೋದು ನಿನಗೆ ಗೊತ್ತೇ ಇದೆ. ಜನರೇಟರ್ ಆಗಲೂ ನಂದೇ, ಈಗಲೂ ನಂದೇ. ನನ್ನ ಹಾಗೇ ಕೆಮ್ಮಿ ಕೆಮ್ಮಿ ಏಳತ್ತೆ. ಆಂಟೆನಾ ಮತ್ತೆ ತಿರುಗಿದ ದಿನ ಎಲ್ಲರೂ ಮೂಗು ಒರೆಸಿಕೊಂಡು ನೆಗಡಿ ಅಂತ ಸುಳ್ಳು ಹೇಳಿದ್ವಿ. ಮುಂದಿನ ಭಾನುವಾರ ಜನರಿಗೆ ತೋರಿಸ್ತೀವಿ. ಕ್ಯಾಬಿನ್ನಿನಲ್ಲಿ, ಆಗ ನೀನು ಡ್ಯೂಟಿಗೆ ಕೂರ್ತಿದ್ದ ಪರದೆ ಮುಂದೆ, ಒಂದು ಗೊಂಬೆ ಕೂರಿಸೋಣ ಅಂದ್ರು ಆಗಿನ ನಮ್ಮ ಆಫೀಸರ್ ಸಾಹೇಬ್ರು. ಬಟ್ಟೆ ಅಂಗಡಿಯಿಂದ ಗೊಂಬೆ ಬಂತು, ಹೆಂಗಸಿನ ಗೊಂಬೆ. ಸದ್ಯ, ಅಕ್ಕನ ನೆನಪಿದೆಯಲ್ಲ ಇವರಿಗೆ ಅಂತ ಖುಷಿಯಾಗಿ ಡೀಸೆಲ್ ತರೋಕೆ ಹೋದೆ. ವಾಪಸ್ ಬಂದು ನೋಡ್ತೀನಿ, ಅದರ ಕೂದಲು ಕತ್ತರಿಸಿ, ಟೋಪಿ ಹಾಕಿ, ಮೂಗಿನ ಕೆಳಗೆ ಕಪ್ಪನೆ ಮೀಸೆ ಅಂಟಿಸಿದಾರೆ! ನಿನ್ನ ಕುರ್ಚಿಯಲ್ಲಿ! ಉಗುರಿಗೆ ಕೆಂಪು ಬಣ್ಣ ಹಚ್ಕೊಂಡಿರೋ ಮೀಸೆ ಸಿಪಾಯಿ!

ಪಕ್ಕದಲ್ಲಿ ಬೋರ್ಡು ಬೇರೆ. ಯುದ್ಧದಲ್ಲಿ ಆವತ್ತು ನಮ್ಮ ವಿಮಾನವನ್ನ ಗುರುತಿಸಿ ಉಳಿಸಿದ್ದು ಸಾಹೇಬ್ರಂತೆ. ನಾನು ಅಲ್ಲೇ ಇದ್ನಲ್ಲ ಅಕ್ಕಾ, ಕೆಟ್ಟ ಫ್ಯಾನು ಬಿಚ್ಕೊಂಡು ನಿನ್ನ ಕಾಲ ಹತ್ರ ಕೂತಿದ್ದೆ. ಆ ವಿಮಾನದ ಗುರುತಿನ ಸಿಗ್ನಲ್ ಕೆಟ್ಟಿತ್ತು, ಪರದೆ ಮೇಲೆ ನಮ್ಮದೋ ಶತ್ರುವಿನದೋ ಗೊತ್ತಾಗದ ಬರೀ ಒಂದು ಚುಕ್ಕೆ. ಗನ್ನಿನವರಿಗೆ ಹೊಡೀರಿ ಅನ್ನೋಕೆ ಸಾಹೇಬ್ರು ಫೋನೆತ್ತಿದ್ರು. ನೀನು ಫೋನಿನ ಮೇಲೆ ಕೈ ಇಟ್ಟು "ತಡೀರಿ ಸಾರ್, ಇದು ನಮ್ಮದೇ" ಅಂದೆ. "ನಿನ್ನ ನೆಂಟನಾ ಅದು?" ಅಂತ ಕಿರುಚಿದ್ರು. "ನೆಂಟಸ್ತನ ಯಾಕೆ ಸಾರ್, ನಡಿಗೆ ಸಾಲದಾ? ನದಿ ತಿರುವಲ್ಲಿ ಎಡಕ್ಕೆ ಹೊರಳ್ತು ನೋಡಿ. ಮನೆಗೆ ಬರೋ ನಮ್ಮೋರೇ ಹಾಗೆ ಹೊರಳೋದು" ಅಂದೆ ನೀನು. ಅದರೊಳಗಿದ್ದ ಹುಡುಗರು ಸಂಜೆ ಕ್ಯಾಂಟೀನಲ್ಲಿ ನನ್ನ ತಟ್ಟೆಗೇ ಕೈ ಹಾಕಿ ತಿಂದ್ರು, ಕಳ್ಳ ನನ್ಮಕ್ಕಳು. ಯಾವತ್ತೂ ಊಟ ಬಿಟ್ಟುಕೊಡದ ನಾನು ಆವತ್ತು ಸುಮ್ನೆ ನೋಡ್ತಾ ಕೂತೆ.

ಇದನ್ನೆಲ್ಲ ಕೇಳಿದ್ರೆ ಸಾಹೇಬ್ರು "ಆ ಕುರ್ಚಿಯಲ್ಲಿ ಹೆಂಗಸು ಕೂತಿದ್ಲು ಅಂದ್ರೆ ನೋಡೋರು ನಂಬಲ್ಲ ಕಣಯ್ಯ" ಅಂತಾರೆ. ಉಗುರುಬಣ್ಣದ ಸಿಪಾಯೀನ ನಂಬ್ತಾರಂತೆ! ಉಳಿದವರೆಲ್ಲ ನಟ್ಟು ಬಿಗಿಯೋಕೆ ಹೋದ್ರು. ತಲೆ ಮೇಲೆ ಬಾಂಬು ಬಿದ್ರೂ ಜಗ್ಗದ ಗಂಡಸರು ಸಾಹೇಬ್ರ ಹುಬ್ಬು ಏರಿದ್ರೆ ಬಾಲ ಮುದುರ್ತಾರೆ.

ಕೋಪ ನಿನ್ನ ಮೇಲೂ ಇದೆ. ಬಂದು ನಿಜ ಹೇಳು ಅಂತ ಕರೆದಾಗಲೆಲ್ಲ "ಹೋಗ್ಲಿ ಬಿಡೋ, ಗೊತ್ತಿರೋರಿಗೆ ಗೊತ್ತು" ಅಂತೀಯ. ಗೊತ್ತಿರೋರು ಒಬ್ಬೊಬ್ಬರಾಗಿ ಗೋಡೆ ಮೇಲಿನ ಫೋಟೋ ಆಗ್ತಿದಾರೆ ಅಕ್ಕಾ. ಆವತ್ತು ಆ ಕ್ಯಾಬಿನ್ನಿನಲ್ಲಿದ್ದೋರಲ್ಲಿ ಉಳಿದಿರೋದು ನೀನು, ನಾನು, ಸಾಹೇಬ್ರು. ಸಾಹೇಬ್ರು ಸುಳ್ಳು ಹೇಳ್ತಾರೆ, ಜನ ತಲೆ ಆಡಿಸ್ತಾರೆ. ನಾನು ನಿಜ ಹೇಳ್ತೀನಿ, ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಜನ್ಮಪೂರ್ತಿ ತಮಾಷೆ ಮಾಡಿದೋನಿಗೆ ಇದೇ ಶಿಕ್ಷೆ.

ಕಣ್ಣಿಗೆ ಹನಿ ಹಾಕೋದು ಮರೀಬೇಡ. ಭಾವನಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ಮುತ್ತು. ನಿನ್ನ ಆಶೀರ್ವಾದ ನನಗಿರಲಿ, ಬೈಗುಳ ಸಾಹೇಬ್ರಿಗಿರಲಿ.

ನಿನ್ನ ಡೀಸೆಲ್ ತಮ್ಮ

ತಾ.ಕ.: ಲಕೋಟೆಯಿಂದ ಬಿದ್ದಿದ್ದು ಹುಳ ಅಲ್ಲ, ಚಪ್ಪಲಿ ಎತ್ಕೋಬೇಡ. ಅದೇ ಮೀಸೆ. ಬೆಳಿಗ್ಗೆ ಎಲ್ಲರ ಎದುರಿಗೇ ಕಿತ್ತೆ. ಗೊಂಬೇನೂ ಹೊತ್ಕೊಂಡು ಹೋಗಿ ಅಂಗಡಿಗೆ ಕೊಟ್ಟು ಬಂದೆ. ನಿನ್ನ ಕುರ್ಚಿ ಖಾಲಿ ಇದೆ. ಭಾನುವಾರ ಬಂದು ಕೂತ್ಕೋ. ಬರಲ್ಲ ಅಂದ್ರೆ ಮೀಸೆ ವಾಪಸ್ ಕಳಿಸು, ಇಲ್ಲಿ ಸಾಹೇಬ್ರು ಇನ್ನೊಂದು ಗೊಂಬೆಗೆ ಅಂಟಿಸೋಕೆ ಗೋಂದು ಹಿಡ್ಕೊಂಡು ಕಾಯ್ತಿದಾರೆ.