ಬೀರುವಿನ ಕೆಳಗಿನ ಲಕೋಟೆ

ಮನೆ, ಕಿಟಕಿ ಪಕ್ಕದ ಎತ್ತರದ ಕುರ್ಚಿ
ತಾರೀಖು ೧೬, ಮಂಗಳವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟ ಹೇಗಿದೆ? ಮೆಟ್ಟಿಲು ಇಳಿಯುವಾಗ ಈಗಲೂ ಮೆಟ್ಟಿಲಿಗೇ ಬೈಯುತ್ತೀಯಾ, ಅಥವಾ ಕಟ್ಟಿಸಿದವರಿಗೂ ಸ್ವಲ್ಪ ಉಳಿಸುತ್ತೀಯಾ? ನಾನು ಕ್ಷೇಮ. ಎದ್ದು ಓಡಿಹೋಗಲಾರದಷ್ಟು ಕ್ಷೇಮ. ಇಪ್ಪತ್ತು ದಿನದ ಹಿಂದೆ ನನ್ನ ಬಲಗಡೆ ಸೊಂಟದ ಸವೆದ ಕೀಲನ್ನು ಕಿತ್ತು ಹೊಸದನ್ನು ಕೂರಿಸಿದರು. ಅಂದಿನಿಂದ ಈ ಕುರ್ಚಿಯೂ ನಾನೂ ಬೇರೆ ಬೇರೆ ಪದಾರ್ಥಗಳೆಂದು ಹೇಳುವುದು ಕಷ್ಟವಾಗಿದೆ.

ಮೊದಲು ಒಂದು ತಪ್ಪೊಪ್ಪಿಗೆ. ಇದು ನಿನ್ನ ಕಾಗದಕ್ಕೆ ಉತ್ತರ; ಆದರೆ ನಿನ್ನ ಕಾಗದವನ್ನು ನಾನಿನ್ನೂ ಓದಿಲ್ಲ. ಎಂಟು ದಿನದ ಹಿಂದೆ ಅಂಚೆಯವನು ಕಿಟಕಿಯಿಂದಲೇ ಲಕೋಟೆಯನ್ನು ನನ್ನ ತೊಡೆಯ ಮೇಲಿಟ್ಟು ಹೋದ. ನಿನ್ನ ಅಕ್ಷರ, ಆರು ವರ್ಷದ ಮೇಲೆ. ಹಿಂಬದಿಯಲ್ಲಿ ‘ಬೇಗ ಉತ್ತರ ಬರಿ’ ಎಂಬ ಒಂದೇ ಸಾಲು. ಕನ್ನಡಕಕ್ಕೆ ಕೈ ಚಾಚುವಷ್ಟರಲ್ಲಿ ಅದು ಜಾರಿ ನೆಲಕ್ಕೆ ಬಿದ್ದು, ಸಾಬೂನು ಹಚ್ಚಿದಂತೆ ಸರ್ರನೆ ಸರಿದು ಕಬ್ಬಿಣದ ಬೀರುವಿನ ಕೆಳಗೆ ಸೇರಿಕೊಂಡಿತು. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ನಲವತ್ತು ವರ್ಷ ನೆಲದಿಂದ ಹೆಕ್ಕಿದ ಗಡಿಯಾರ ರಿಪೇರಿಯವನು ನಾನು. ಅಂಗೈಯಗಲದ ಲಕೋಟೆಯನ್ನು ಹೆಕ್ಕಲಾರದೆ ಅದರ ಒಂದು ಬಿಳಿ ಮೂಲೆಯನ್ನು ನೋಡುತ್ತ ಕೂತೆ. ಬಗ್ಗದೆ ಎತ್ತಲೆಂದು ನನಗೆ ಕೊಟ್ಟಿರುವ ಉದ್ದನೆಯ ಚಿಮಟದಿಂದ ಎಳೆಯಲು ಹೋದೆ. ಆ ಮೂಲೆಯೂ ಒಳಗೆ ಹೋಯಿತು.

ಮನೆಯವಳನ್ನು ಕೇಳಬಾರದಿತ್ತೇ ಎನ್ನುತ್ತೀಯ. ಅಕ್ಕಾ, ನೀನು ಮರೆತಿರಬಹುದು, ಅವಳು ಮರೆತಿಲ್ಲ. ಅವಳು ಮೂರು ದಿನ ಊರಲ್ಲಿಲ್ಲದಾಗ ನೀನು ಪ್ರೀತಿಯಿಂದ ಅವಳ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸ್ಥಳಾಂತರ ಮಾಡಿದ್ದೆ. ಬಂದವಳಿಗೆ “ಇದೇನು ಅಡುಗೆಮನೆಯೋ ಗೋದಾಮೋ?” ಅಂತಲೂ ಕೇಳಿದ್ದೆ. ಉಪ್ಪು ಸಿಗಲು ಅವಳಿಗೆ ಎರಡು ದಿನ ಹಿಡಿಯಿತು. ಅಂದಿನಿಂದ ಈ ಮನೆಯಲ್ಲಿ ನಿನ್ನ ಸುದ್ದಿ ಎತ್ತಿದರೆ ಪಾತ್ರೆಗಳ ಸದ್ದು ಜೋರಾಗುತ್ತದೆ. ಫೋನ್ ಮಾಡೋಣವೆಂದರೆ ಈ ಮನೆಯ ನಂಬರನ್ನು ನೀನು ಎತ್ತುವುದಿಲ್ಲ. ನನ್ನ ಸ್ನಾನ, ಕಾಲುಚೀಲ, ಮಾತ್ರೆ ಎಲ್ಲವೂ ಅವಳ ಕೈಯಲ್ಲಿರುವಾಗ ನಾನು ದಂಗೆ ಏಳುವ ಸ್ಥಿತಿಯಲ್ಲಿಲ್ಲ.

ಇಲ್ಲಿಯ ಆಡಳಿತವನ್ನು ಕೇಳು. ಸೊಂಟ ತೊಂಬತ್ತು ಡಿಗ್ರಿಗಿಂತ ಹೆಚ್ಚು ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದು ನಿವೃತ್ತ ಗಣಿತ ಮೇಡಂ ಆದ ಇವಳ ಮುಂದೆ. ಮನೆಗೆ ಬಂದವಳೇ ಶಾಲೆಯ ಕಾಲದ ಮರದ ಮೂಲೆಮಟ್ಟವನ್ನು ಹೊರತೆಗೆದಳು. ನಾನು ಕೂತಾಗಲೆಲ್ಲ ಪಕ್ಕದಲ್ಲಿಟ್ಟು ನೋಡಿ “ತೊಂಬತ್ತೆರಡು. ಹಿಂದಕ್ಕೆ ಒರಗಿ” ಅನ್ನುತ್ತಾಳೆ. ಕಾಲ ಮೇಲೆ ಕಾಲು ಹಾಕಬಾರದು. ಪಾದವನ್ನು ಒಳಕ್ಕೆ ತಿರುಗಿಸಬಾರದು. ತಗ್ಗಿನ ಆಸನ ಮುಟ್ಟಬಾರದು. ಅದಕ್ಕೇ ಎದುರುಮನೆ ಬಡಗಿ ಈ ಕುರ್ಚಿಯ ನಾಲ್ಕು ಕಾಲಿಗೂ ಮರದ ತುಂಡು ಕೊಟ್ಟು ಎತ್ತರಿಸಿದ್ದಾನೆ, ಪಾಯಿಖಾನೆಯ ಪೀಠಕ್ಕೂ ಬಡ್ತಿ ಸಿಕ್ಕಿದೆ. ಮಲಗುವಾಗ ಎರಡು ಕಾಲಿನ ನಡುವೆ ದಿಂಬು. ಆರು ವಾರ ಇದೇ ಶಿಕ್ಷೆ, ನಡತೆ ನೋಡಿ ಮುಂದಿನ ತೀರ್ಮಾನ. ಗೋಡೆ ಗಡಿಯಾರ ಹನ್ನೊಂದು ನಿಮಿಷ ಹಿಂದಿದೆ. ಅದನ್ನು ಇಳಿಸಿ ಕೊಡಿ ಅಂದರೆ, ಅದರಲ್ಲೂ ಬಗ್ಗುವ ಕೆಲಸವಿದೆ ಎನ್ನುತ್ತಾಳೆ. ದಿನಕ್ಕೆ ಆರು ಸಲ ವಾಕರ್ ಎಂಬ ನಡಿಗೆ ಚೌಕಟ್ಟು ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತೇನೆ. ಈ ಕೋಣೆಗೆ ಲೋಲಕವೊಂದರ ಕೊರತೆಯಿತ್ತು.

ನೀನು ಏನು ಬರೆದಿರಬಹುದು ಎಂದು ಎಂಟು ದಿನ ಊಹಿಸಿದ್ದೇನೆ. ನಮ್ಮಿಬ್ಬರಿಗೂ ಅಪ್ಪನ ಸೊಂಟವೇ ಬಂದಿದೆ, ನಿನ್ನದು ನನಗಿಂತ ಮೊದಲು ಕೆಟ್ಟಿದೆ. ನನ್ನ ಸುದ್ದಿ ಯಾರಿಂದಲೋ ತಿಳಿದು, ನಾನೂ ಮಾಡಿಸಲೇ ಎಂದು ಕೇಳಿದ್ದೀಯ ಅಂದುಕೊಂಡು ಉತ್ತರಿಸುತ್ತೇನೆ. ನೋವಾಗುತ್ತದೆಯೇ ಎಂದಿದ್ದರೆ, ಆಗುತ್ತದೆ. ಆದರೆ ಇದು ದಿನದಿನಕ್ಕೆ ಇಳಿಯುವ ನೋವು, ಹಳೆಯದು ಏರುತ್ತಲೇ ಇತ್ತು. ಪ್ರಜ್ಞೆ ತಪ್ಪಿಸುತ್ತಾರೆಯೇ ಎಂದಿದ್ದರೆ, ನನಗೆ ಸೊಂಟದಿಂದ ಕೆಳಕ್ಕಷ್ಟೇ ಮರಗಟ್ಟಿಸಿದರು. ಅರೆನಿದ್ದೆಯಲ್ಲಿ ಸುತ್ತಿಗೆಯ ಸದ್ದು ಕೇಳಿಸಿತು. ಕಸುಬಿನವನಾಗಿ ಹೇಳುತ್ತೇನೆ, ಏಟು ಹದವಾಗಿತ್ತು. ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ಹೋಗುವ ಮೊದಲೇ ಹಲ್ಲು ತೋರಿಸಿಕೊಂಡು ಬಾ, ಹುಳುಕಿನ ಸೋಂಕು ಹೊಸ ಕೀಲಿಗೆ ಇಳಿಯಬಾರದಂತೆ. ಕಾಲಿಗೆ ತೊಡಕುವ ಚಾಪೆಗಳನ್ನೆಲ್ಲ ಸುತ್ತಿಡು. ಬಂದ ಮೇಲೆ ಮೀನಖಂಡ ಊದಿ ಬಿಗಿದರೆ, ಜ್ವರ ಬಂದರೆ, ಗಾಯ ಒಸರಿದರೆ ಡಾಕ್ಟರಿಗೆ ತಿಳಿಸು. ನಿನ್ನ ಹಾಗೆ ‘ನಾಳೆ ನೋಡೋಣ’ ಅನ್ನಬೇಡ. ಎದೆ ನೋವೋ ಏದುಸಿರೋ ಬಂದರಂತೂ ಆ ಗಳಿಗೆಯಲ್ಲೇ ಆಸ್ಪತ್ರೆ.

ಯಾರೂ ಮೊದಲೇ ಹೇಳದ ಒಂದು ಮಾತು ಹೇಳುತ್ತೇನೆ, ನಗಬೇಡ. ಶನಿವಾರ ಇವಳು ಅಂಗಡಿಗೆ ಹೋದಾಗ ನಿನ್ನ ಕಾಗದಕ್ಕಾಗಿ ಬಗ್ಗಿದೆ. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಬೀರುವಿನ ಕಡೆಗೆ. ಅರ್ಧದಲ್ಲಿ ಒಳಗೆಲ್ಲೋ ಏನೋ ಎಳೆದಂತಾಯಿತು. ಕೀಲು ಜಾರಿತೇನೋ ಎಂದು ಕೆಳಗೂ ಹೋಗಲಾರದೆ ಮೇಲೂ ಬರಲಾರದೆ ನಿಂತೆ. ಆ ಕೆಟ್ಟ ಗಡಿಯಾರ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಏನೂ ಆಗಲಿಲ್ಲ, ಮೆಲ್ಲಗೆ ಹಿಂದಕ್ಕೆ ಬಂದು ಕೂತೆ. ಕತ್ತರಿಸುವುದು, ಹೊಲಿಯುವುದು ಡಾಕ್ಟರ ಪಾಡು. ನಮ್ಮ ಪಾಡೆಂದರೆ, ಬಿದ್ದದ್ದನ್ನು ಎತ್ತಿಕೊಡಿ ಎಂದು ಇನ್ನೊಬ್ಬರನ್ನು ಕೇಳುವುದು. ನನಗೆ ಅದೇ ಇನ್ನೂ ಬಂದಿಲ್ಲ.

ಮಧ್ಯಾಹ್ನ ಅಂಚೆಯವನು ಬಂದಾಗ ಇದನ್ನು ಕಿಟಕಿಯಿಂದ ದಾಟಿಸುತ್ತೇನೆ. ನೀನು ಬರೆದದ್ದನ್ನೇ ಇನ್ನೊಮ್ಮೆ ಬರಿ. ಈ ಸಲ ದಪ್ಪ ಕಾಗದದಲ್ಲಿ, ಜಾರದಂಥದ್ದು. ಬಗ್ಗಿ ನಮಸ್ಕರಿಸಲು ನನಗೆ ಅಪ್ಪಣೆಯಿಲ್ಲ. ಆದ್ದರಿಂದ ಎಂಬತ್ತೆಂಟು ಡಿಗ್ರಿಯಲ್ಲಿ ಕೂತೇ ಕೈ ಮುಗಿದಿದ್ದೇನೆ, ಹಾಗೆಯೇ ಸ್ವೀಕರಿಸು.

ನಿನ್ನ ತಮ್ಮ,
ಟಿಕ್ಕು

ತಾ.ಕ.: ಅಕ್ಕಾ, ಅವಸರದಲ್ಲಿ ಬರೆಯುತ್ತಿದ್ದೇನೆ, ಇವಳು ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಲಕೋಟೆಯ ಮೇಲೆ ನಿನ್ನ ವಿಳಾಸ ಬರೆಯುವಾಗ ಹಿಂದಿನಿಂದ ನೋಡಿದಳು. ನೆಲದ ಮೇಲೆ ಉದ್ದಕ್ಕೆ ಮಲಗಿ ಆ ಮೂಲೆಮಟ್ಟವನ್ನೇ ಬೀರುವಿನ ಕೆಳಗೆ ತೂರಿಸಿ ನಿನ್ನ ಕಾಗದ ಎಳೆದು ನನ್ನ ಕೈಗಿಟ್ಟಳು. ಮೊದಲ ದಿನ ಕಸ ಗುಡಿಸುವಾಗಲೇ ನೋಡಿದ್ದಳಂತೆ. “ನೀವೇ ಕೇಳ್ತೀರಿ ಅಂತ ಕಾಯ್ತಾ ಇದ್ದೆ” ಅಂದಳು. ಜೋರಾಗಿ ಓದಿದೆ. ‘೧೮ನೇ ತಾರೀಖು ಗುರುವಾರದೊಳಗೆ ಆಸ್ಪತ್ರೆಗೆ ಫಾರಂ ಕೊಡಬೇಕು, ಆರು ವಾರ ಮನೆಯಲ್ಲಿ ನೋಡಿಕೊಳ್ಳುವವರ ಹೆಸರು ಕೇಳಿದ್ದಾರೆ, ನನಗೆ ಯಾರೂ ಇಲ್ಲ, ನಿನ್ನ ಹೆಸರು ಬರೆಯಲೇ, ಉತ್ತರ ಬರದಿದ್ದರೆ ಆಪರೇಷನ್ ಬೇಡ ಅಂತ ಹೇಳಿಬಿಡುತ್ತೇನೆ’ ಎಂದು ನೀನು ಬರೆದ ಜಾಗಕ್ಕೆ ಬಂದಾಗ ತಲೆಯೆತ್ತಿ ಕ್ಯಾಲೆಂಡರ್ ನೋಡಿದೆ. ಅಂಚೆ ತಲುಪುವುದು ಶುಕ್ರವಾರ. ಇವಳು ಗೋಡೆ ಗಡಿಯಾರ ನೋಡಿ ಅದಕ್ಕೆ ಹನ್ನೊಂದು ನಿಮಿಷ ಕೂಡಿಸಿದಳು. “ಲಕೋಟೆ ಎತ್ತೋಕೆ ಆಗದವರ ಹೆಸರು ಯಾಕೆ? ನನ್ನ ಹೆಸರು ಬರೀಲಿ” ಅಂದು ಚೀಲ ತೆಗೆದಳು. ಆದ್ದರಿಂದ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತಿರುವವಳು ಅವಳೇ. ಮೊದಲು ಒಳಗೆ ಕರೆದು ಕೂರಿಸು, ಆಮೇಲೆ ಓದು. ಮೂಲೆಮಟ್ಟದ ವಿಷಯ ಬರೆದ ಹಾಳೆಯನ್ನು ಮಾತ್ರ ಅವಳಿಗೆ ತೋರಿಸಬೇಡ. ಇವತ್ತು ರಾತ್ರಿಯವರೆಗೆ ನನ್ನ ಕಾವಲಿಗೆ ಬಡಗಿ ಇದ್ದಾನೆ. ಎರಡನೆಯ ಕುರ್ಚಿಯ ಕಾಲಿನ ಅಳತೆ ತೆಗೆಯುತ್ತಿದ್ದಾನೆ. ನಿನ್ನ ಎತ್ತರ ಎಷ್ಟು ಅಂತ ಇವಳ ಹತ್ತಿರ ಹೇಳಿ ಕಳಿಸು. ಡಬ್ಬಿಗಳನ್ನು ಮುಟ್ಟಬೇಡ.