ತೂತು ಛತ್ರಿ

ಜೂನ್ ೩, ಮಂಗಳವಾರ
ಎದ್ದವಳೇ ಮೂರನೇ ಅಧ್ಯಾಯ. ‘ಹಾಸ್ಯ ಮತ್ತು ಮೆದುಳು’. ಗೈಡ್‌ಗೆ ಈ ವಾರವೇ ಬೇಕಂತೆ. ಮನಶ್ಶಾಸ್ತ್ರದವರದು ಮುಗಿಯಿತು, ಸಮಾಜಶಾಸ್ತ್ರದವರದು ಬಾಕಿ. ನಗುವಿಗೆ ಒಂದೊಂದು ಡಿಪಾರ್ಟ್‌ಮೆಂಟಿಗೆ ಒಂದೊಂದು ಕಾರಣ... ಓದುವಾಗ ನಗು ಮಾತ್ರ ಬರುವುದಿಲ್ಲ. ಅಪ್ಪ ಕಾಫಿ ತಂದಿಟ್ಟು, “ನಗೋದ್ರಲ್ಲಿ ಪಿಎಚ್‌ಡಿ ಮಾಡ್ತಿದೀಯ, ಮುಖ ನೋಡಿದ್ರೆ ತಿಥಿ ಮನೆ ಥರ ಇದೆ” ಅಂದರು. ಬರೆಯುತ್ತಿದ್ದೆ. ತಲೆ ಎತ್ತಲಿಲ್ಲ.

ಜೂನ್ ೧೯, ಗುರುವಾರ
ಪೋರೂರು, ಆಸ್ಪತ್ರೆ ವಾರ್ಡಿನ ಹೊರಗೆ. ಅಪ್ಪನಿಗೆ ಸ್ಟ್ರೋಕ್. ಮೆದುಳಿನ ಬಲಭಾಗ. ಎಡಗೈ ಏಳುತ್ತಿಲ್ಲ. ಜೀವಕ್ಕೆ ಭಯವಿಲ್ಲ, ಮಾತೂ ಇದೆ ಅಂದರು ಡಾಕ್ಟರ್. ಆದರೆ ತಮಾಷೆ ಇನ್ನು ಅರ್ಥವಾಗದೆ ಹೋಗಬಹುದಂತೆ. ಗೊತ್ತು ಡಾಕ್ಟರ್. ನಾನೇ ಬರೆದಿದ್ದೇನೆ, ಮೂರನೇ ಅಧ್ಯಾಯದಲ್ಲಿ.

ಜುಲೈ ೮, ಮಂಗಳವಾರ
ಕೀಲ್ಪಾಕ್ ಮನೆಗೆ ಬಂದಾಯಿತು. ಇವತ್ತು ತಡೆಯಲಾರದೆ ನನ್ನ ರಿಸರ್ಚಿನ ಕಾರ್ಡುಗಳನ್ನು ಅಪ್ಪನ ಮುಂದೆ ಹರಡಿದೆ. ಪ್ರತಿ ಜೋಕಿಗೂ ನಾಲ್ಕರಲ್ಲಿ ಸರಿಯಾದ ಕೊನೆ ಸಾಲು ಆರಿಸಬೇಕು. ಒಂದನ್ನೂ ಆರಿಸಲಿಲ್ಲ. ಕಿಟಕಿ ಕಡೆ ತಿರುಗಿಬಿಟ್ಟರು. ಬಾತ್‌ರೂಮಿಗೆ ಹೋಗಿ ಅತ್ತೆ. ನೋಡಲು ಬರುವವರಿಗೆಲ್ಲ ಗೇಟಿನಲ್ಲೇ ಹೇಳುತ್ತಿದ್ದೇನೆ: ತಮಾಷೆ ಮಾಡಬೇಡಿ, ಅರ್ಥವಾಗದಿದ್ದರೆ ನೊಂದುಕೊಳ್ಳುತ್ತಾರೆ. ಎಲ್ಲರೂ ಮಠದಲ್ಲಿ ಸ್ವಾಮಿಗಳ ಮುಂದೆ ನಿಂತ ಹಾಗೆ ನಿಂತು ಹೋಗುತ್ತಾರೆ.

ಜುಲೈ ೧೩, ಭಾನುವಾರ, ಮಧ್ಯಾಹ್ನ
ಸತ್ಯಾತ್ಮ ಮಾವ ಬಂದಿದ್ದರು. ಅಮ್ಮನ ತಮ್ಮ. ಅಪ್ಪನ ಮದುವೆಯಲ್ಲಿ, ಕಾಶಿಯಾತ್ರೆ ಶಾಸ್ತ್ರಕ್ಕೆ ಛತ್ರಿ ಹಿಡಿದು ಹೊರಟ ವರನನ್ನು, ಅಕ್ಕನನ್ನು ಕೊಡುತ್ತೇವೆ ಬನ್ನಿ ಎಂದು ವಾಪಸ್ ಕರೆತಂದವರು ಇವರೇ. ಭಾವ-ಮೈದುನರ ಕೀಟಲೆ ಅಂದಿನಿಂದ ನಿಂತಿಲ್ಲ. ಮಾವನಿಗೂ ಗೇಟಿನಲ್ಲೇ ಹೇಳಿದೆ. ಸರಿ ಸರಿ ಅಂದವರು ಮಂಚದ ಪಕ್ಕ ಕೂತು—

“ಭಾವ, ಅವತ್ತು ನಿಮ್ಮನ್ನ ಕಾಶಿಗೆ ಹೋಗಕ್ಕೆ ಬಿಡ್ಬೇಕಿತ್ತು. ನಮ್ಮಕ್ಕಂಗೆ ಈ ಪಾಡು ಇರ್ತಿರ್ಲಿಲ್ಲ.”

ಕಾಶಿ ಅನ್ನುವ ಹೊತ್ತೇ ಇದು? ಅಮ್ಮನ ಮುಖ ಬಿಳಿಚಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಫ್ಯಾನ್ ನೋಡುತ್ತಿದ್ದರು. ಆಮೇಲೆ, ತೊದಲುತ್ತ—

“ಹೋಗ್ತಿದ್ದೆ ಕಣೋ... ನೀವು ಕೊಟ್ಟ ಛತ್ರಿ ತೂತು.”

ಮೊದಲು ನಕ್ಕಿದ್ದು ಅಮ್ಮ. ಸೆರಗು ಬಾಯಿಗೆ ಹಿಡಿದು, “ಪೋದುಂ, ಸಾಕು ಮಾಡ್ರೋ” ಎಂದು ತಮಿಳು ಕನ್ನಡ ಎರಡರಲ್ಲೂ ಅನ್ನುತ್ತ ಅಳುವಷ್ಟು ನಕ್ಕಳು. ಅಪ್ಪ ನಗಲಿಲ್ಲ. ತಮ್ಮದೇ ಜೋಕಿಗೆ ಅವರು ಎಂದೂ ನಕ್ಕವರಲ್ಲ. ಅಪ್ಪ ಅಪ್ಪನೇ. ನನಗೆ ಹೋದ ಜೀವ ಬಂತು.

ಅದೇ ದಿನ, ಸಂಜೆ
ಹಾಗಾದರೆ ಕಾರ್ಡುಗಳು? ಕೇಳಿಯೇಬಿಟ್ಟೆ.

“ನಾಲ್ಕರಲ್ಲಿ ಒಂದಕ್ಕಾದ್ರೂ ನಗು ಬರ್ಬೇಕಲ್ಲಮ್ಮ. ಪಾಪ, ಕಷ್ಟಪಟ್ಟಿದೀಯ ಅಂತ ಸುಮ್ಮನಾದೆ.”

ತೆಗೆದು ನೋಡಿದೆ. ಇಂಗ್ಲಿಷ್ ರಿಸರ್ಚ್ ಪೇಪರಿನಿಂದ ಎತ್ತಿ ನಾನೇ ಕನ್ನಡ ಮಾಡಿದ್ದು. ಮೊದಲನೆಯದರಲ್ಲೇ ಪಾದ್ರಿ ಪಬ್ಬಿಗೆ ಹೋಗುತ್ತಾನೆ. ಏಕಾದಶಿಗೆ ನೀರೂ ಮುಟ್ಟದ ಮನುಷ್ಯನಿಗೆ!

ಜುಲೈ ೧೪, ಸೋಮವಾರ
ಎಡಗೈ ಇನ್ನೂ ಹಾಗೇ ಇದೆ. ನಿಧಾನ ಆಗುತ್ತಂತೆ, ಆಗಲಿ. ಮೂರನೇ ಅಧ್ಯಾಯ ಮತ್ತೆ ತೆರೆದಿದ್ದೇನೆ, ಅಪ್ಪನ ಮಂಚದ ಪಕ್ಕದಲ್ಲೇ. ಕಾರ್ಡುಗಳನ್ನು ಹೊಸದಾಗಿ ಮಾಡಬೇಕು. ಕಾಫಿ ಈಗ ನಾನು ಕೊಡುವುದು. ಲೋಟ ಬಲಗೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಾರೆ. ಏನೋ ಹೇಳುವವರಿದ್ದಾರೆ. ಈ ಸಲ ಪೆನ್ನು ಕೆಳಗಿಟ್ಟು ತಲೆ ಎತ್ತುತ್ತೇನೆ.